ತುಕ್ಕಿನೊಳಗಿನ ಗುರುತು: ಗೋವಾದ ಹಳೆಯ ತೋಪುಗಳನ್ನು ಓದುವುದು, ಉಳಿಸುವುದು



ಶಾಲಾ ಪ್ರವಾಸದಲ್ಲಿ ರೇಯಿಸ್ ಮಾಗೋಸ್ ಕೋಟೆಗೋ ಕಾಣಕೋಣದ ಕಾಬೋ ದ ರಾಮ ಕೋಟೆಗೋ ಹೋದಾಗ ನೀವು ಹಳೆಯ ತೋಪುಗಳನ್ನು ನೋಡಿರುತ್ತೀರಿ. ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡವರೂ ಇರಬಹುದು. ಮೈಯೆಲ್ಲಾ ಕೆಂಪು ತುಕ್ಕು, ಅಲ್ಲಲ್ಲಿ ಪದರ ಎದ್ದು ಕೈಗೆ ಅಂಟುವ ಪುಡಿ. "ಇದನ್ನ ಚೆನ್ನಾಗಿ ಉಜ್ಜಿ, ಕಪ್ಪು ಬಣ್ಣ ಹೊಡೆದ್ರೆ ಹೊಸದರ ಹಾಗೆ ಹೊಳೀತದೆ" ಅಂತ ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಹಾಗೆ ಮಾಡಿದರೆ ಆ ತೋಪು ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಹೇಳುವ ಗುರುತೇ ಅಳಿಸಿಹೋಗಬಹುದು. ಯಾಕಂದ್ರೆ ಅನೇಕ ಹಳೆಯ ಕಬ್ಬಿಣದ ತೋಪುಗಳಲ್ಲಿ ಆ ಗುರುತು ಉಳಿದಿರುವುದು ಒಳಗಿನ ಗಟ್ಟಿ ಲೋಹದಲ್ಲಲ್ಲ, ಹೊರಗಿನ ಹಾಳಾದ ಪದರದಲ್ಲಿ! ಇದು ಹೇಗೆ ಸಾಧ್ಯ? ನೀವು ಪಠ್ಯಪುಸ್ತಕದಲ್ಲಿ ಓದಿದ ತುಕ್ಕು, ಅಯಾನು, ವಿದ್ಯುದ್ವಿಭಜನೆ, ಗೋಳದ ಘನಫಲ ಇವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

ಹೆಸರಿನಿಂದಲೇ ಶುರು ಮಾಡೋಣ

ಕನ್ನಡದಲ್ಲಿ ತೋಪಿಗೆ 'ಫಿರಂಗಿ' ಅಂತಲೂ ಹೇಳುತ್ತೇವೆ. ಮೊದಲು ಈ ಶಬ್ದ ಯುರೋಪಿನ ಜನರನ್ನು, ನಮ್ಮ ಕಡೆ ಮುಖ್ಯವಾಗಿ ಪೋರ್ಚುಗೀಸರನ್ನು ಸೂಚಿಸುತ್ತಿತ್ತು. ಅವರು ತಂದ ಆಯುಧಕ್ಕೂ ಅದೇ ಹೆಸರು ಅಂಟಿಕೊಂಡಿತು. ಮೈಸೂರು ಕಡೆ ಪಪ್ಪಾಯಿಗೆ 'ಪರಂಗಿ ಹಣ್ಣು' ಅನ್ನುವುದಕ್ಕೂ ಇದೇ ಕಾರಣ. 'ತೋಪು', 'ತುಪಾಕಿ' ಎಂಬ ಶಬ್ದಗಳು ತುರ್ಕಿ ಭಾಷೆಯಿಂದ ಬಂದವು. ಹೀಗೆ ಬೆಂಕಿಯ ಆಯುಧಗಳು ಸಮುದ್ರದ ಕಡೆಯಿಂದ ಪೋರ್ಚುಗೀಸರ ಮೂಲಕ, ಒಳನಾಡಿನಿಂದ ದಖ್ಖನ್ನಿನ ಸುಲ್ತಾನರ ಮೂಲಕ, ಎರಡೂ ದಾರಿಯಿಂದ ನಮ್ಮ ನೆಲಕ್ಕೆ ಬಂದವು ಎಂಬುದಕ್ಕೆ ನಮ್ಮ ಮಾತೇ ಸಾಕ್ಷಿ.

ಗೋವಾ 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಈ ನಾಲ್ಕೂವರೆ ಶತಮಾನದಲ್ಲಿ ನದಿಬಾಯಿಗಳಲ್ಲಿ, ಕಡಲ ಬಂಡೆಗಳ ಮೇಲೆ ಕೋಟೆಗಳು ಎದ್ದವು. ಪಣಜಿಯ ಎದುರು ಮಾಂಡೋವಿ ದಂಡೆಯ ರೇಯಿಸ್ ಮಾಗೋಸ್ ಕೋಟೆಯನ್ನು ಮೊದಲು 1551ರಲ್ಲಿ ಕಟ್ಟಿದರು. 1707ರಲ್ಲಿ ದೊಡ್ಡದಾಗಿ ಮರಳಿ ಕಟ್ಟಿದರು. 1993ರವರೆಗೆ ಅದು ಜೈಲಾಗಿತ್ತು. ಆಮೇಲೆ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರ ಮಾರ್ಗದರ್ಶನದಲ್ಲಿ ದುರಸ್ತಿಯಾಗಿ ಈಗ ಎಲ್ಲರಿಗೂ ತೆರೆದಿದೆ. ಅಗ್ವಾದ ಕೋಟೆ 1612ರಲ್ಲಿ ಮುಗಿಯಿತು. ಇಂಥ ಕಡೆ ಉಳಿದಿರುವ ತೋಪುಗಳೇ ಇಂದಿನ ನಮ್ಮ ಪಾಠ.

ತೋಪಿಗೆ ಕೇಳಬೇಕಾದ ಐದು ಪ್ರಶ್ನೆ

ವೈದ್ಯರು ಔಷಧಿ ಕೊಡುವ ಮೊದಲು ರೋಗಿಯನ್ನು ಪರೀಕ್ಷಿಸುತ್ತಾರೆ, ಹೌದಲ್ಲ? ಹಳೆಯ ಆಯುಧಕ್ಕೂ ಹಾಗೆಯೇ. ಮುಟ್ಟುವ ಮೊದಲು ನೋಡಬೇಕು, ಅಳೆಯಬೇಕು, ಬರೆದುಕೊಳ್ಳಬೇಕು.

1. ಲೋಹ ಯಾವುದು?

ಕೆಂಪು-ಕಂದು ತುಕ್ಕು ಇದ್ದರೆ ಕಬ್ಬಿಣ. ಹಸಿರು ಪಾಚಿಯಂಥ ಬಣ್ಣ ಇದ್ದರೆ ಕಂಚು. ಕಂಚು ಅಂದ್ರೆ ತಾಮ್ರ ಮತ್ತು ತವರದ ಮಿಶ್ರಲೋಹ. ಅದು ಕಬ್ಬಿಣಕ್ಕಿಂತ ಬಹಳ ದುಬಾರಿ. ಹಾಗಾಗಿ ಹಳೆಯದಾದ ಕಂಚಿನ ತೋಪನ್ನು ಕರಗಿಸಿ ಮತ್ತೆ ಎರಕ ಹೊಯ್ಯುವುದು ರೂಢಿಯಲ್ಲಿತ್ತು.

ನಮ್ಮಲ್ಲಿ ಅನೇಕರ ಮನೆಯವರು ವಿಜಯಪುರ, ಬಾಗಲಕೋಟೆ ಕಡೆಯವರು. ವಿಜಯಪುರದ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೀವು ನೋಡಿರಬಹುದು. ಅದು ಕಂಚಿನದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ ಸುಮಾರು 4.3 ಮೀಟರ್, ತೂಕ ಸುಮಾರು 55 ಟನ್ ಎನ್ನುತ್ತಾರೆ. ಬಾಯಿಯ ಕಡೆ ಆನೆಯನ್ನು ಕಚ್ಚಿಹಿಡಿದ ಸಿಂಹದ ಮುಖವಿದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಬರೀ 150 ರೂಪಾಯಿಗೆ ಹರಾಜು ಹಾಕಿದ್ದರು! ಅದರ ಮಹತ್ವ ತಿಳಿದು ಆಮೇಲೆ ಹರಾಜು ರದ್ದಾಯಿತು. ಇಲ್ಲವಾದರೆ ಅದು ಕೂಡ ಕುಲುಮೆ ಸೇರುತ್ತಿತ್ತು. ಗುರುತು ಗೊತ್ತಿಲ್ಲದ ವಸ್ತುವಿಗೆ ಗುಜರಿ ಬೆಲೆ, ಗುರುತು ಗೊತ್ತಾದ ವಸ್ತುವಿಗೆ ಬೆಲೆ ಕಟ್ಟಲಾಗದು. ಇದನ್ನು ನೆನಪಿಡಿ.

2. ಹೇಗೆ ಮಾಡಿದ್ದು?

ಕಬ್ಬಿಣದ ತೋಪುಗಳಲ್ಲಿ ಎರಡು ಬಗೆ. ಹಳೆಯ ಬಗೆಯಲ್ಲಿ ಕಬ್ಬಿಣದ ಉದ್ದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಜೋಡಿಸಿ, ಅವುಗಳ ಮೇಲೆ ಕಾಸಿದ ಕಬ್ಬಿಣದ ಬಳೆಗಳನ್ನು ತೊಡಿಸಿ, ಬಡಿದು ಒಂದಾಗಿಸುತ್ತಿದ್ದರು. ಎತ್ತಿನ ಗಾಡಿಯ ಗಾಲಿಗೆ ಹಳಿ ಕಟ್ಟುವಾಗ ಕಮ್ಮಾರರು ಮಾಡುವುದೂ ಇದನ್ನೇ: ಕಾದಾಗ ಬಳೆ ಹಿಗ್ಗುತ್ತದೆ, ಆರಿದಾಗ ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ. ವಿಜಯಪುರದ ಉಪ್ಪರಿ ಬುರುಜಿನ ಮೇಲಿರುವ, 9 ಮೀಟರಿಗೂ ಉದ್ದದ ತೋಪು ಈ ಬಗೆಯದು. ಇಂಥ ತೋಪು ತುಕ್ಕು ಹಿಡಿದಾಗ ಮೈಮೇಲೆ ಮರದ ನಾರಿನಂಥ ಗೆರೆಗಳು ಕಾಣುತ್ತವೆ.

ಎರಡನೆಯ ಬಗೆ ಎರಕದ ಕಬ್ಬಿಣದ್ದು, ಅಂದ್ರೆ ಬೀಡು ಕಬ್ಬಿಣದ್ದು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿದು ಮಾಡಿದ್ದು. ಇದರಲ್ಲಿ ಸಾಮಾನ್ಯವಾಗಿ ಶೇ. 3ರಿಂದ 4ರಷ್ಟು ಇಂಗಾಲ ಇರುತ್ತದೆ. ಈ ಇಂಗಾಲದ ಬಹುಪಾಲು ಗ್ರಾಫೈಟ್ ರೂಪದಲ್ಲಿ, ಲೋಹದೊಳಗೆ ಸಣ್ಣ ಸಣ್ಣ ಚಕ್ಕೆಗಳಾಗಿ ಹರಡಿರುತ್ತದೆ. ಈ ಗ್ರಾಫೈಟ್ ಮುಂದೆ ನಮ್ಮ ಕಥೆಯಲ್ಲಿ ದೊಡ್ಡ ಪಾತ್ರ ವಹಿಸಲಿದೆ.

3. ಬಾಯಿ ಎಷ್ಟು ಅಗಲ?

ಹಳೆಯ ಕಾಲದಲ್ಲಿ ಬ್ರಿಟಿಷರು ತೋಪಿಗೆ ಅದರ ಗುಂಡಿನ ತೂಕದ ಹೆಸರನ್ನೇ ಇಡುತ್ತಿದ್ದರು: 6 ಪೌಂಡಿನ ತೋಪು, 12 ಪೌಂಡಿನ ತೋಪು, ಹೀಗೆ. ಬಾಯಿಯ ಒಳವ್ಯಾಸ ಅಳೆದರೆ ಗುಂಡಿನ ತೂಕ ಲೆಕ್ಕ ಹಾಕಬಹುದು. ಒಂದು ಉದಾಹರಣೆ ನೋಡ್ರಿ.

ಒಳವ್ಯಾಸ 11.7 ಸೆಂ.ಮೀ. ಇದೆ ಎಂದುಕೊಳ್ಳಿ. ಗುಂಡು ಸಲೀಸಾಗಿ ಒಳಗೆ ಜಾರಲು ಸ್ವಲ್ಪ ಸಡಿಲ ಬಿಡಬೇಕಾದ್ದರಿಂದ ಗುಂಡಿನ ವ್ಯಾಸ ಸುಮಾರು 11.2 ಸೆಂ.ಮೀ., ತ್ರಿಜ್ಯ 5.6 ಸೆಂ.ಮೀ. ಗೋಳದ ಘನಫಲದ ಸೂತ್ರ ನೆನಪಿದೆಯಲ್ಲ? ಮೂರನೇ ನಾಲ್ಕು ಭಾಗ, ಗುಣಿಲೆ ಪೈ, ಗುಣಿಲೆ ತ್ರಿಜ್ಯದ ಘನ. ಅದರಂತೆ ಘನಫಲ ಸುಮಾರು 736 ಘನ ಸೆಂ.ಮೀ. ಎರಕದ ಕಬ್ಬಿಣದ ಸಾಂದ್ರತೆ ಒಂದು ಘನ ಸೆಂ.ಮೀ.ಗೆ ಸುಮಾರು 7.2 ಗ್ರಾಂ. ಗುಣಿಸಿದರೆ ಸುಮಾರು 5.3 ಕಿಲೋ. ಒಂದು ಪೌಂಡ್ ಅಂದ್ರೆ 0.4536 ಕಿಲೋ. ಭಾಗಿಸಿದರೆ 12ರ ಹತ್ತಿರ ಬರುತ್ತದೆ. ಅಂದ್ರೆ ಇದು 12 ಪೌಂಡಿನ ತೋಪು!

ಎಚ್ಚರ: ಬಾಯಿಯ ಅಂಚು ತುಕ್ಕು ತಿಂದು ಅಗಲವಾಗಿರಬಹುದು, ಇಲ್ಲವೇ ಒಳಗೆ ತುಕ್ಕು ಬೆಳೆದು ಕಿರಿದಾಗಿರಬಹುದು. ವ್ಯಾಸದಲ್ಲಿ ಸ್ವಲ್ಪ ತಪ್ಪಾದರೂ ತೂಕದಲ್ಲಿ ಬಹಳ ತಪ್ಪಾಗುತ್ತದೆ, ಯಾಕಂದ್ರೆ ತ್ರಿಜ್ಯದ ಘನ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹಲವು ಕಡೆ ಅಳೆದು ಸರಾಸರಿ ತೆಗೆಯಬೇಕು.

4. ಮೈಮೇಲೆ ಏನಿದೆ?

ತೋಪಿನ ಅಂಗಗಳನ್ನು ಮೊದಲು ತಿಳಿಯೋಣ. ಮುಂದೆ ಬಾಯಿ. ನಡುವೆ ಎರಡೂ ಬದಿಗೆ ತೋಳಿನಂತೆ ಚಾಚಿದ ಗುಂಡನೆಯ ಮೊಳೆಗಳು. ಇವಕ್ಕೆ ಟ್ರನಿಯನ್ ಎನ್ನುತ್ತಾರೆ. ತೋಪು ಗಾಡಿಯ ಮೇಲೆ ಕೂರುವುದೂ, ಮೇಲೆ ಕೆಳಗೆ ತಿರುಗುವುದೂ ಈ ತೋಳುಗಳ ಮೇಲೆ. ಹಿಂಭಾಗದ ಮೇಲ್ಗಡೆ ಬತ್ತಿ ಮುಟ್ಟಿಸುವ ಸಣ್ಣ ತೂತು. ಕೊನೆಯಲ್ಲಿ ಒಂದು ಗುಂಡಿ.

ಗುರುತುಗಳು ಇರುವುದು ಹೆಚ್ಚಾಗಿ ತೋಳುಗಳ ಚಪ್ಪಟೆ ಮುಖದಲ್ಲಿ, ಬೆನ್ನಿನ ಮೇಲೆ ಮತ್ತು ಬತ್ತಿ ತೂತಿನ ಸುತ್ತ. ಪೋರ್ಚುಗೀಸ್ ರಾಜಲಾಂಛನದಲ್ಲಿ ಶಿಲುಬೆಯಾಕಾರದಲ್ಲಿ ಜೋಡಿಸಿದ ಐದು ಸಣ್ಣ ಗುರಾಣಿಗಳಿರುತ್ತವೆ. ಬ್ರಿಟಿಷ್ ಸರ್ಕಾರದ ವಸ್ತುವಾದರೆ ಮೂರು ಗೆರೆಯ ಬಾಣದ ಗುರುತು ಇರಬಹುದು. ಹಿಂಬದಿಯ ಗುಂಡಿಯ ಮೇಲೆ ಹಗ್ಗ ಪೋಣಿಸುವ ಬಳೆಯಂಥ ಕೊಂಡಿ ಇದ್ದರೆ, ಅದು 18ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟಿಷ್ ನೌಕಾ ತೋಪುಗಳಲ್ಲಿ ಬಂದ ವಿನ್ಯಾಸ.

ಕೆಲವು ಬ್ರಿಟಿಷ್ ತೋಪುಗಳ ಮೇಲೆ ಮೂರು ಅಂಕಿಗಳಿರುತ್ತವೆ. ಉದಾಹರಣೆಗೆ 22-1-14 ಎಂದಿದೆ ಎಂದುಕೊಳ್ಳಿ. ಇದು ತಾರೀಖು ಅಂದುಕೊಂಡರೆ ಮೋಸ ಹೋದಿರಿ! ಇದು ತೋಪಿನ ತೂಕ. ಮೊದಲ ಅಂಕಿ 112 ಪೌಂಡಿನ ಲೆಕ್ಕ, ಎರಡನೆಯದು 28 ಪೌಂಡಿನ ಲೆಕ್ಕ, ಮೂರನೆಯದು ಬಿಡಿ ಪೌಂಡು. ಒಟ್ಟು 2506 ಪೌಂಡ್, ಅಂದ್ರೆ ಸುಮಾರು 1137 ಕಿಲೋ.

ಬ್ರಿಟಿಷ್ ತೋಪು ಗೋವಾದಲ್ಲಿ ಯಾಕೆ ಎಂದು ಕೇಳುತ್ತೀರಾ? ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಫ್ರೆಂಚರು ಬಾರದಂತೆ ತಡೆಯಲು ಬ್ರಿಟಿಷ್ ಸೈನ್ಯ ಇಲ್ಲಿನ ಕೆಲವು ಕೋಟೆಗಳಲ್ಲಿ ಬೀಡುಬಿಟ್ಟಿತ್ತು. ಅಲ್ಲದೆ ತೋಪುಗಳನ್ನು ಕೊಳ್ಳುವುದು, ಮಾರುವುದು, ಗೆದ್ದವರು ಹೊತ್ತೊಯ್ಯುವುದು ಎಲ್ಲ ಕಡೆ ನಡೆಯುತ್ತಿತ್ತು. ಆದ್ದರಿಂದ 'ಪೋರ್ಚುಗೀಸ್ ಕೋಟೆಯಲ್ಲಿದೆ, ಹಾಗಾಗಿ ಪೋರ್ಚುಗೀಸ್ ತೋಪು' ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ.

5. ಎಲ್ಲಿ, ಯಾವುದರ ಜೊತೆ ಸಿಕ್ಕಿತು?

ಮುರ್ಗಾಂವ ಬಂದರಿನ ಹತ್ತಿರ ಸಮುದ್ರದಲ್ಲಿ ಸುಂಚಿ ಎಂಬ ಮುಳುಗು ಬಂಡೆಸಾಲು ಇದೆ. ಅಲ್ಲಿ ಒಡೆದು ಮುಳುಗಿದ ಒಂದು ಹಡಗನ್ನು ದೋನಾಪಾವ್ಲದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನೀರಿನಡಿ ಶೋಧಿಸಿದರು. ತೋಪುಗಳು, ಒಂದು ಕೈಬಂದೂಕಿನ ನಳಿಗೆ, ಲಂಗರು, ಆನೆ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರುಗಳು ಸಿಕ್ಕವು. ಇವೆಲ್ಲ ಸೇರಿದಾಗ ಅದು 17ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಹಡಗು ಎಂಬ ತೀರ್ಮಾನಕ್ಕೆ ದಾರಿಯಾಯಿತು. ತುಕ್ಕು ತಿಂದ ನಳಿಗೆಯೊಂದೇ ಸಿಕ್ಕಿದ್ದರೆ ಇಷ್ಟು ಹೇಳಲಾಗುತ್ತಿತ್ತಾ? ಇಲ್ಲ. ಅಕ್ಕಪಕ್ಕದ ವಸ್ತುಗಳೇ ಅದರ ಸಾಕ್ಷಿಗಳು.

ಕರ್ನಾಟಕದ್ದೇ ಇನ್ನೊಂದು ಉದಾಹರಣೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಹಳೆಯ ಬಾವಿಯಿಂದ ಒಂದು ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು. ಅವು ಟಿಪ್ಪು ಕಾಲದ ರಾಕೆಟ್‌ಗಳು ಎಂದು ರಾಜ್ಯ ಪುರಾತತ್ವ ಇಲಾಖೆ ಗುರುತಿಸಿತು. ಆ ಕೊಳವೆಗಳನ್ನು ಯಾರಾದರೂ ತೊಳೆದು ಮಾರಿದ್ದರೆ? ಬರೀ ಹಳೆ ಪೈಪಿನ ತುಂಡುಗಳಾಗಿ ಹೋಗುತ್ತಿದ್ದವು.

ಇಸವಿ ಕಂಡ ಕೂಡಲೇ ನಂಬಬೇಡಿ

ಮುರ್ಗಾಂವದ ಆಚೆಯ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಮುಳುಗಿದ ಇನ್ನೊಂದು ಹಡಗಿನಲ್ಲಿ ಹೆಂಚು, ಇಟ್ಟಿಗೆಗಳಂಥ ಸುಟ್ಟ ಮಣ್ಣಿನ ವಸ್ತುಗಳು ಸಿಕ್ಕಿದವು. ಅವುಗಳ ಮೇಲೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಎಂದು ಅಚ್ಚಾಗಿದೆ. ನಮ್ಮ ಮಂಗಳೂರಿನಲ್ಲಿ ಹೆಂಚು ಮಾಡಲು ಶುರು ಮಾಡಿದ ಅದೇ ಬಾಸೆಲ್ ಮಿಷನ್. ಹಾಗಾದರೆ ಹಡಗು 1865ರಲ್ಲಿ ಮುಳುಗಿತೇ? ಅವಸರ ಬೇಡ. 1865 ಎಂಬುದು ಕಾರ್ಖಾನೆ ಆರಂಭವಾದ ಇಸವಿ. ಅದನ್ನೇ ಗುರುತಾಗಿ ಹೆಂಚಿನ ಮೇಲೆ ಒತ್ತುತ್ತಿದ್ದರು. ಆದ್ದರಿಂದ ನಾವು ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಹಡಗು ಮುಳುಗಿದ್ದು 1865ಕ್ಕಿಂತ ಮುಂಚೆ ಅಲ್ಲ.

ತೋಪಿನ ಮೇಲಿನ ಇಸವಿಯೂ ಹಾಗೆಯೇ. ಅದು ತೋಪು ಹುಟ್ಟಿದ ಇಸವಿ. ಅದು ಕೋಟೆಗೆ ಬಂದದ್ದು ಐವತ್ತು ವರ್ಷ ಆದಮೇಲೂ ಇರಬಹುದು.

ತುಕ್ಕು ಕಬ್ಬಿಣವನ್ನು ತಿನ್ನುವ ಬಗೆ

ನೀವು ಓದಿದ ಸಮೀಕರಣ ಇದು: ಕಬ್ಬಿಣ + ಆಕ್ಸಿಜನ್ + ನೀರು → ಜಲಯುಕ್ತ ಫೆರಿಕ್ ಆಕ್ಸೈಡ್. ಇದೇ ತುಕ್ಕು. ಆದರೆ ಕಡಲ ದಂಡೆಯಲ್ಲಿ ನಾಲ್ಕನೆಯ ಆಸಾಮಿಯೂ ಇದ್ದಾನೆ: ಉಪ್ಪು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್ ಅಯಾನು. ಅಲೆಗಳು ಬಂಡೆಗೆ ಬಡಿದಾಗ ಹಾರುವ ತುಂತುರು ಗಾಳಿಯಲ್ಲಿ ಬೆರೆತು ಕೋಟೆಯವರೆಗೂ ಬರುತ್ತದೆ. ವಾಸ್ಕೋ, ಪಣಜಿಯಲ್ಲಿ ಸೈಕಲ್ಲು, ಕಿಟಕಿ ಸರಳು ಬೇಗ ತುಕ್ಕು ಹಿಡಿಯುವುದು ನಿಮಗೇ ಗೊತ್ತು.

ಕಬ್ಬಿಣದ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನು ಆಗುತ್ತದೆ. ಋಣ ವಿದ್ಯುದಂಶದ ಕ್ಲೋರೈಡ್ ಅಯಾನುಗಳು ಅದರ ಕಡೆಗೆ ಸೆಳೆಯಲ್ಪಟ್ಟು, ತುಕ್ಕಿನ ಪದರದ ಸಂದುಗಳ ಮೂಲಕ ಇಳಿದು, ಗಟ್ಟಿ ಲೋಹದ ಮೇಲ್ಮೈ ತನಕ ಹೋಗಿ ಕೂರುತ್ತವೆ. ಅಲ್ಲಿ ಉಂಟಾಗುವ ಕಬ್ಬಿಣದ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮತ್ತೆ ತುಕ್ಕು. ಮತ್ತೆ ಕ್ಲೋರೈಡ್ ಬಿಡುಗಡೆ. ಅದು ಮತ್ತೆ ಹೊಸ ಕಬ್ಬಿಣವನ್ನು ಹಿಡಿಯುತ್ತದೆ. ಅಂದ್ರೆ ಕ್ಲೋರೈಡ್ ತಾನು ಖರ್ಚಾಗದೆ ಕೆಲಸ ಮಾಡುತ್ತಲೇ ಇರುತ್ತದೆ. ಹೊರಗೆ ಎಷ್ಟು ಉಜ್ಜಿದರೂ ಒಳಗಿನ ಕಳ್ಳ ಹಾಗೇ ಇರುತ್ತಾನೆ.

ಮಳೆಗಾಲದಲ್ಲಿ ಕೆಲವು ಹಳೆಯ ಕಬ್ಬಿಣದ ಮೇಲೆ ಹಳದಿ-ಕಂದು ಹನಿಗಳು ಬೆವರಿನಂತೆ ಮೂಡುತ್ತವೆ. 'ಕಬ್ಬಿಣ ಅಳುತ್ತಿದೆ' ಎಂದು ಸಂರಕ್ಷಣಾ ತಜ್ಞರು ಹೇಳುವುದು ಇದಕ್ಕೇ. ಅದು ಒಳಗೆ ಉಪ್ಪು ಇದೆ ಎಂಬ ಸೂಚನೆ. ಇನ್ನೊಂದು ತೊಂದರೆ: ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಳಗಿನಿಂದ ತಳ್ಳಿ ತಳ್ಳಿ ಮೇಲಿನ ಪದರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ.

ಕರಿ ಪದರದ ಗುಟ್ಟು

ಈಗ ಗ್ರಾಫೈಟ್ ವಿಷಯಕ್ಕೆ ಬರೋಣ. ಎರಕದ ಕಬ್ಬಿಣದ ತೋಪು ನೂರಾರು ವರ್ಷ ಸಮುದ್ರದಲ್ಲೋ ಉಪ್ಪಿನ ಹಸಿ ಮಣ್ಣಿನಲ್ಲೋ ಇದ್ದರೆ ಹೊರಭಾಗದ ಕಬ್ಬಿಣ ನಿಧಾನವಾಗಿ ಕರಗಿಹೋಗುತ್ತದೆ. ಆದರೆ ಗ್ರಾಫೈಟ್ ತುಕ್ಕು ಹಿಡಿಯುವುದಿಲ್ಲ. ಅದರ ಚಕ್ಕೆಗಳು ಜಾಲದಂತೆ ಹಾಗೇ ಉಳಿದು, ಅವುಗಳ ನಡುವೆ ತುಕ್ಕು ತುಂಬಿಕೊಳ್ಳುತ್ತದೆ. ಕಬ್ಬಿಣ ಹೋಯಿತು, ಆಕಾರ ಉಳಿಯಿತು!

ಈ ಕರಿ ಪದರ ನೋಡಲು ಗಟ್ಟಿ ತೋಪಿನಂತೆಯೇ ಇರುತ್ತದೆ. ಲಾಂಛನ, ಅಕ್ಷರ, ಅಂಕಿ ಎಲ್ಲವೂ ಅದರ ಮೇಲೆಯೇ ಇರುತ್ತವೆ. ಆದರೆ ಅದು ಎಷ್ಟು ಮೆತ್ತಗೆ ಎಂದರೆ ಚಾಕುವಿನಿಂದ ಕೆರೆದರೂ ಬರುತ್ತದೆ. ಪೆನ್ಸಿಲಿನ ಕಡ್ಡಿಯೂ ಗ್ರಾಫೈಟೇ ಅಲ್ವಾ? ಅದಕ್ಕೇ ಕಾಗದದ ಮೇಲೆ ಅಷ್ಟು ಸುಲಭವಾಗಿ ಸವೆಯುತ್ತದೆ.

ಈಗ ಯೋಚಿಸಿ. ಯಾರೋ ಒಳ್ಳೆಯ ಮನಸ್ಸಿನಿಂದಲೇ ತಂತಿ ಬ್ರಷ್ ಹಿಡಿದು, 'ಒಳಗಿನ ಬಿಳಿ ಲೋಹ ಕಾಣೋ ತನಕ ಉಜ್ಜೋಣ' ಅಂತ ಉಜ್ಜಿದರು. ಲೋಹ ಕಂಡಿತು, ಹೊಳೆಯಿತು. ಆದರೆ ಅದು ತೋಪಿನ ಮೂಲ ಮೇಲ್ಮೈ ಅಲ್ಲ, ಒಳಗಿನ ತಿರುಳು. ಮೂಲ ಮೇಲ್ಮೈ ಲಾಂಛನದ ಸಮೇತ ಕಸದ ಬುಟ್ಟಿ ಸೇರಿತು. ಬಾಯಿಯ ಅಳತೆ, ಹೊರ ಸುತ್ತಳತೆ ಎಲ್ಲವೂ ಬದಲಾದವು. ಇನ್ನು ಯಾವ ತಜ್ಞರು ಬಂದರೂ ಅದರ ಹೆಸರು ಹೇಳಲಾರರು. ಮರಳು ಚಿಮ್ಮಿಸಿ ಸ್ವಚ್ಛ ಮಾಡುವ ಯಂತ್ರವಂತೂ ಇದನ್ನು ಕೆಲವೇ ನಿಮಿಷದಲ್ಲಿ ಮಾಡಿಬಿಡುತ್ತದೆ.

ಬಣ್ಣದ ಕಥೆ ಏನು? ಉಪ್ಪು ತೆಗೆಯದೆ ದಪ್ಪ ಬಣ್ಣ ಹೊಡೆದರೆ ಮೊದಲು ಅಕ್ಷರಗಳು ಮುಚ್ಚಿಹೋಗುತ್ತವೆ. ಆಮೇಲೆ ಒಳಗೆ ಸಿಕ್ಕಿಕೊಂಡ ಉಪ್ಪು, ತೇವ ಸೇರಿ ತುಕ್ಕು ಮುಂದುವರಿದು, ಬಣ್ಣ ಗುಳ್ಳೆಯಂತೆ ಎದ್ದು, ಸುಲಿಯುವಾಗ ತನ್ನ ಜೊತೆ ಕರಿ ಪದರವನ್ನೂ ಕಿತ್ತುಕೊಂಡು ಬರುತ್ತದೆ.

ತಜ್ಞರು ಮಾಡುವ ಕೆಲಸ

ಹಳೆಯ ವಸ್ತುವನ್ನು ಹೊಸದರಂತೆ ಮಾಡುವುದು ಸಂರಕ್ಷಣೆಯ ಗುರಿಯಲ್ಲ. ಇನ್ನು ಮುಂದೆ ಹಾಳಾಗದಂತೆ ನಿಲ್ಲಿಸುವುದು, ಇರುವ ಗುರುತನ್ನು ಉಳಿಸುವುದು ಅದರ ಗುರಿ. ಕ್ರಮ ಹೀಗಿದೆ.

ಮೊದಲ ಹೆಜ್ಜೆ, ದಾಖಲೆ. ಎಲ್ಲ ಬದಿಯ ಫೋಟೋ, ಅಳತೆ, ಚಿತ್ರ. ಸವೆದ ಅಕ್ಷರ ಓದಲು ಬೆಳಕನ್ನು ಓರೆಯಾಗಿ ಬಿಡುತ್ತಾರೆ.

ಎರಡನೆಯದು, ಒಣಗಲು ಬಿಡದಿರುವುದು. ಇದು ಸಮುದ್ರದಿಂದ ತೆಗೆದ ವಸ್ತುಗಳಿಗೆ. ಸುಣ್ಣ, ಮರಳು, ಚಿಪ್ಪು ಅಂಟಿ ಕಲ್ಲಿನ ಮುದ್ದೆಯಂತಾದ ತೋಪನ್ನು ಬಿಸಿಲಿನಲ್ಲಿ ಇಟ್ಟರೆ ಒಳಗಿನ ಲವಣ ಹರಳುಗಟ್ಟಿ, ತುಕ್ಕು ಜೋರಾಗಿ, ಮೈ ಬಿರಿಯುತ್ತದೆ. ಆದ್ದರಿಂದ ನೀರಿನ ತೊಟ್ಟಿಯಲ್ಲೇ ಇಡುತ್ತಾರೆ.

ಮೂರನೆಯದು, ಉಪ್ಪು ತೆಗೆಯುವುದು. ಇಲ್ಲಿ ನಿಮ್ಮ ವಿದ್ಯುದ್ವಿಭಜನೆಯ ಪಾಠ ಬರುತ್ತದೆ. ತೊಟ್ಟಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಸೋಡಿಯಂ ಕಾರ್ಬೋನೇಟಿನ ತೆಳು ದ್ರಾವಣ. ತೋಪನ್ನು ಋಣ ಧ್ರುವಕ್ಕೆ ಜೋಡಿಸುತ್ತಾರೆ, ಅಂದ್ರೆ ತೋಪೇ ಕ್ಯಾಥೋಡ್. ಸುತ್ತಲೂ ಉಕ್ಕಿನ ಜಾಲರಿ ಆನೋಡ್. ಬಹಳ ಕಡಿಮೆ ನೇರ ವಿದ್ಯುತ್ ಹರಿಸಿದಾಗ ಋಣ ಅಯಾನುಗಳಾದ ಕ್ಲೋರೈಡುಗಳು ತೋಪನ್ನು ಬಿಟ್ಟು ಆನೋಡಿನ ಕಡೆ ಸಾಗುತ್ತವೆ. ಕ್ಷಾರೀಯ ದ್ರಾವಣದಲ್ಲಿ ಕಬ್ಬಿಣ ಹೊಸದಾಗಿ ತುಕ್ಕು ಹಿಡಿಯುವುದೂ ತಗ್ಗುತ್ತದೆ. ವಿದ್ಯುತ್ ಜೋರಾದರೆ ಹೈಡ್ರೋಜನ್ ಗುಳ್ಳೆಗಳು ಹೆಚ್ಚಿ ಕರಿ ಪದರವನ್ನೇ ಎಬ್ಬಿಸಿಬಿಡಬಹುದು. ಆದ್ದರಿಂದ ತಾಳ್ಮೆ ಬೇಕು. ದೊಡ್ಡ ತೋಪಿಗೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯುವುದುಂಟು.

ಉಪ್ಪು ಪೂರ್ತಿ ಹೋಯಿತು ಎಂದು ತಿಳಿಯುವುದು ಹೇಗೆ? ದ್ರಾವಣವನ್ನು ಆಗಾಗ ಬದಲಿಸಿ, ಅದರಲ್ಲಿನ ಕ್ಲೋರೈಡ್ ಅಳೆಯುತ್ತಾರೆ. ಇದರ ಸರಳ ರೂಪ ನಿಮಗೆ ಗೊತ್ತು: ದ್ರಾವಣವನ್ನು ನೈಟ್ರಿಕ್ ಆಮ್ಲದಿಂದ ಆಮ್ಲೀಯಗೊಳಿಸಿ ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಬಿಳಿ ಪ್ರಕ್ಷೇಪ ಬಂದರೆ ಕ್ಲೋರೈಡ್ ಇನ್ನೂ ಇದೆ ಎಂದರ್ಥ.

ನಾಲ್ಕನೆಯದು, ತೊಳೆದು ಒಣಗಿಸಿ ಟ್ಯಾನಿಕ್ ಆಮ್ಲ ಹಚ್ಚುವುದು. ಇದು ಕಬ್ಬಿಣದೊಂದಿಗೆ ಸೇರಿ ನೀಲಿ-ಕಪ್ಪು ಬಣ್ಣದ ಫೆರಿಕ್ ಟ್ಯಾನೇಟ್ ಪದರವಾಗುತ್ತದೆ. ಇದು ನಮ್ಮ ಹಿರಿಯರಿಗೆ ಹೊಸದಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರಲ್ಲ, ಅದೂ ಇದೇ ರಾಸಾಯನಿಕ ಕ್ರಿಯೆ. ಹಳೆ ಲೆಕ್ಕದ ಪುಸ್ತಕದ ಶಾಯಿಯೂ ತೋಪಿನ ರಕ್ಷಣೆಯ ಕಪ್ಪೂ ಅಣ್ಣತಮ್ಮಂದಿರು!

ಐದನೆಯದು, ಮೇಣ. ತೆಳುವಾಗಿ ಮೇಣ ಲೇಪಿಸಿ ಗಾಳಿ-ನೀರು ತಾಗದಂತೆ ಮಾಡುತ್ತಾರೆ. ಮೇಣ ಬೇಕಾದಾಗ ತೆಗೆಯಬಹುದು. ಮುಂದಿನವರು ಇನ್ನೂ ಒಳ್ಳೆಯ ವಿಧಾನ ಕಂಡುಹಿಡಿದರೆ ಅವರಿಗೆ ದಾರಿ ತೆರೆದಿರಬೇಕು ಎಂಬುದು ಸಂರಕ್ಷಣೆಯ ದೊಡ್ಡ ನಿಯಮ.

ಕೋಟೆಯ ಮೇಲೆ ಬಯಲಲ್ಲೇ ಇರುವ, ಎತ್ತಿ ಒಯ್ಯಲಾಗದ ತೋಪುಗಳಿಗೂ ಉಪಾಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ನೀರು ಒಳಗೆ ನಿಲ್ಲದಂತೆ ಬಾಯಿಯನ್ನು ತುಸು ಕೆಳಮುಖ ಮಾಡುವುದು, ಹಸಿ ನೆಲಕ್ಕೆ ತಾಗದಂತೆ ಪೀಠದ ಮೇಲೆ ಕೂರಿಸುವುದು, ಸುತ್ತಲಿನ ಹುಲ್ಲು ಕಳೆಯುವುದು, ಮಳೆಗಾಲಕ್ಕೆ ಮೊದಲು ಮೇಣದ ಲೇಪ ನವೀಕರಿಸುವುದು. ಖರ್ಚು ಹೆಚ್ಚಿಲ್ಲ, ಆದರೆ ಪ್ರತಿ ವರ್ಷ ಮರೆಯದೆ ಮಾಡಬೇಕು.

ಮಾಡಿ ನೋಡಿ

ಪ್ರಯೋಗ 1: ಓರೆ ಬೆಳಕು. ಸವೆದ ಹಳೆಯ ನಾಣ್ಯವೊಂದನ್ನು ಕತ್ತಲ ಕೋಣೆಯಲ್ಲಿ ಇಡಿ. ಮೊದಲು ಟಾರ್ಚನ್ನು ನೇರ ಮೇಲಿನಿಂದ ಹಿಡಿಯಿರಿ. ಆಮೇಲೆ ಮೇಜಿನ ಮಟ್ಟಕ್ಕೆ ಇಳಿಸಿ ಬದಿಯಿಂದ ಬೆಳಕು ಬಿಡಿ. ಯಾವಾಗ ಅಕ್ಷರ ಚೆನ್ನಾಗಿ ಕಾಣುತ್ತದೆ? ನೆರಳಿನ ಪಾತ್ರವೇನು?

ಪ್ರಯೋಗ 2: ಅಡಗಿದ ಉಪ್ಪು. ತುಕ್ಕು ಹಿಡಿದ ನಾಲ್ಕು ಮೊಳೆಗಳನ್ನು ಒಂದು ವಾರ ಉಪ್ಪು ನೀರಿನಲ್ಲಿ ಇಡಿ. ಎರಡನ್ನು ತೆಗೆದು ಒಮ್ಮೆ ಮಾತ್ರ ತೊಳೆದು ಒರೆಸಿ. ಉಳಿದೆರಡನ್ನು ಕುದಿಸಿ ಆರಿಸಿದ ನೀರಿನಲ್ಲಿ, ದಿನವೂ ನೀರು ಬದಲಿಸುತ್ತಾ, ಹತ್ತು ದಿನ ಇಟ್ಟು ಒರೆಸಿ. ಎರಡೂ ಗುಂಪನ್ನು ಗಾಳಿಗೆ ತೆರೆದಿಟ್ಟು ಎರಡು ವಾರ ಗಮನಿಸಿ, ದಿನಕ್ಕೊಂದು ಸಾಲು ಬರೆದಿಡಿ.

ಪ್ರಯೋಗ 3: ಚಹಾ ಮತ್ತು ತುಕ್ಕು. ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ತುಕ್ಕು ಹಿಡಿದ ಮೊಳೆಯನ್ನು ರಾತ್ರಿಯಿಡೀ ಇಡಿ. ಬಣ್ಣ ಏನಾಯಿತು? ಚಹಾದಲ್ಲೂ ಟ್ಯಾನಿನ್ ಇದೆ. ಅಳಲೆಕಾಯಿ ಸಿಕ್ಕರೆ ಅದರ ಕಷಾಯದಲ್ಲೂ ಮಾಡಿ ಹೋಲಿಸಿ.

ವಿದ್ಯುದ್ವಿಭಜನೆಯನ್ನು ಮನೆಯಲ್ಲಿ ಮಾಡಬೇಡಿ. ಅದರಲ್ಲಿ ಹೊರಬರುವ ಹೈಡ್ರೋಜನ್ ಬೆಂಕಿ ಹಿಡಿಯುವ ಅನಿಲ. ಕ್ಷಾರ ಕಣ್ಣಿಗೆ ತಾಗಿದರೆ ಅಪಾಯ.

ಎಚ್ಚರಿಕೆಯ ಮಾತು

ಹೊಲ ಉಳುವಾಗ, ಮನೆಗೆ ಪಾಯ ತೆಗೆಯುವಾಗ, ಕಡಲ ದಂಡೆಯಲ್ಲಿ ಆಡುವಾಗ ಹಳೆಯ ಬಂದೂಕು, ಗುಂಡು, ತೋಪಿನಂಥದ್ದೇನಾದರೂ ಕಂಡರೆ ಮುಟ್ಟಬೇಡಿ, ಅಲುಗಿಸಬೇಡಿ, ಬಡಿಯಬೇಡಿ. ಒಳಗೆ ಮದ್ದು ತುಂಬಿಯೇ ಇರಬಹುದು. ತುಕ್ಕು ಹಿಡಿದಿದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಜಾಗ ಗುರುತಿಟ್ಟುಕೊಂಡು, ದೂರದಿಂದ ಫೋಟೋ ತೆಗೆದು, ಮನೆಯ ಹಿರಿಯರಿಗೆ, ಶಿಕ್ಷಕರಿಗೆ ಹೇಳಿ. ಅವರು ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸುತ್ತಾರೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪುರಾತನ ವಸ್ತುಗಳು. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ.

ಕೋಟೆಗೆ ಹೋದಾಗಲೂ ತೋಪಿನ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ, ಚಕ್ಕೆ ಕೀಳಬೇಡಿ. ನಿಮ್ಮ ಉಗುರಿಗೆ ಸಿಕ್ಕಿ ಉದುರಿದ ಆ ಒಂದು ಚಕ್ಕೆಯಲ್ಲೇ ಅದರ ಇಸವಿಯ ಕೊನೆಯ ಅಂಕಿ ಇದ್ದಿರಬಹುದು.

ಯೋಚಿಸಿ, ಉತ್ತರಿಸಿ

1. ಗುಂಡಿನ ವ್ಯಾಸ ಎರಡು ಪಟ್ಟಾದರೆ ತೂಕ ಎಷ್ಟು ಪಟ್ಟಾಗುತ್ತದೆ? ಯಾಕೆ?

2. ತೋಪೊಂದರ ಮೇಲೆ 18-3-7 ಎಂದಿದೆ. ಅದರ ತೂಕ ಎಷ್ಟು ಕಿಲೋ?

3. ವಿದ್ಯುದ್ವಿಭಜನೆಯಲ್ಲಿ ತೋಪನ್ನು ತಪ್ಪಿ ಆನೋಡ್ ಆಗಿ ಜೋಡಿಸಿದರೆ ಏನಾಗುತ್ತದೆ?

4. ಕಂಚಿನ ತೋಪಿನಲ್ಲಿ ಗ್ರಾಫೈಟಿನ ಕರಿ ಪದರ ಯಾಕೆ ಇರುವುದಿಲ್ಲ?

5. ಒಂದು ಹಡಗಿನ ಅವಶೇಷದಲ್ಲಿ 1780ರ ಇಸವಿಯ ತೋಪು ಮತ್ತು 1812ರ ಇಸವಿಯ ನಾಣ್ಯ ಸಿಕ್ಕಿವೆ. ಹಡಗು ಮುಳುಗಿದ ಕಾಲದ ಬಗ್ಗೆ ಏನು ಹೇಳಬಹುದು, ಏನು ಹೇಳಲಾಗದು?

6. ನಿಮ್ಮ ಮನೆಯಲ್ಲಿ ಆಯುಧ ಪೂಜೆಗೆ ಇಡುವ ಹಳೆಯ ಕಬ್ಬಿಣದ ಸಾಮಾನುಗಳಲ್ಲಿ ಒಂದನ್ನು ಆರಿಸಿ. ಉಜ್ಜುವ ಮೊದಲು ಅದರ ಚಿತ್ರ ಬರೆದು, ಅಳತೆ, ಗುರುತುಗಳನ್ನು ದಾಖಲಿಸಿ. ಅದು ಯಾರ ಕಾಲದ್ದು, ಯಾವ ಊರಿನಿಂದ ಬಂತು ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಬರೆದು ತರಗತಿಗೆ ತನ್ನಿ.